ಮೂಲೆಯಂಗಡಿಯವರೆಗೆ ಓಡುವ ಬೈಕು

ನಮ್ಮನೆಯವರು ನಲ್ಲಿ ಮಾರುತ್ತಾರೆ. ನಲ್ಲಿ, ಪೈಪು, ವಾಲ್ವು, ವಾಷರು. ಹಾರ್ಡ್‌ವೇರ್ ಅಂಗಡಿಯ ಕೌಂಟರಿನ ಹಿಂದೆ ಬೆಳಿಗ್ಗೆಯಿಂದ ಸಂಜೆಯವರೆಗೆ ನಿಂತು, ಬಂದವರಿಗೆಲ್ಲ ಅವರ ಮನೆಯಲ್ಲಿ ನೀರು ಯಾಕೆ ಬರುತ್ತಿಲ್ಲ ಎಂದು ವಿವರಿಸುವುದು ಅವರ ಉದ್ಯೋಗ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಹೇಳಿದರೆ ನೀವು ನಂಬುವುದಿಲ್ಲ.

ಅವರ ಹತ್ತಿರ ಒಂದು ಬೈಕಿದೆ. ನಮ್ಮ ಮದುವೆಗಿಂತ ಹಳೆಯದು, ಮನೆಯಲ್ಲಿ ಅದಕ್ಕೆ ಮರ್ಯಾದೆಯೂ ನನಗಿಂತ ಒಂದು ಕೈ ಹೆಚ್ಚು. ಹಿಂದೊಮ್ಮೆ ಒಬ್ಬ ಮೆಕ್ಯಾನಿಕ್ ಅದರ ಸುತ್ತ ಒಂದು ಸುತ್ತು ಹಾಕಿ, “ಸರ್, ಇದನ್ನ ಗುಜರಿಗೆ ಹಾಕಿ. ನಿಮಗೂ ನೆಮ್ಮದಿ, ಅದಕ್ಕೂ ನೆಮ್ಮದಿ” ಅಂದುಬಿಟ್ಟ. ಅಂದಿನಿಂದ ಇವರು ಮೆಕ್ಯಾನಿಕ್‌ಗಳ ಕುಲದ ಜೊತೆಗೇ ಮಾತು ಬಿಟ್ಟರು. ಫೋನಿನಲ್ಲಿ ವೀಡಿಯೊ ನೋಡಿಕೊಂಡು ಎಲ್ಲವನ್ನೂ ಮನೆಯಲ್ಲೇ ಬಿಚ್ಚುವುದು, ಮನೆಯಲ್ಲೇ ಜೋಡಿಸುವುದು. ಜೋಡಿಸಿದ ಮೇಲೆ ಯಾವಾಗಲೂ ಒಂದೆರಡು ನಟ್ಟು ಮಿಗುತ್ತವೆ. “ಕಂಪನಿಯವರು ಬೇಡದ್ದನ್ನೂ ಹಾಕಿರ್ತಾರೆ” ಎಂದು ಅವನ್ನೊಂದು ಡಬ್ಬಿಗೆ ಹಾಕಿಡುತ್ತಾರೆ. ನಟ್ಟು ಬಿಗಿಯುವ ಪಾನಾ ಸದಾ ಕೈಯಲ್ಲೇ ಇರುವುದರಿಂದ ಬೀದಿಯವರು ಇವರಿಗೆ ಪಾನಾ ಪಂಡಿತರು ಎಂದು ಹೆಸರಿಟ್ಟಿದ್ದಾರೆ. ಇವರು ಅದನ್ನು ಬಿರುದು ಅಂದುಕೊಂಡಿದ್ದಾರೆ.

ನನಗೂ ಆ ಬೈಕಿಗೂ ಹಗೆಯೇನೂ ಇರಲಿಲ್ಲ, ನನ್ನ ಕೆಲಸ ಅದರ ಬೆನ್ನ ಮೇಲೆ ಕೂರುವವರೆಗೆ. ರಕ್ತ ಪರೀಕ್ಷೆಯ ಲ್ಯಾಬೊಂದರಲ್ಲಿ ನಾನು ರಕ್ತ ತೆಗೆಯುವವಳು. ಎಷ್ಟೋ ವರ್ಷ ಮನೆಯಲ್ಲಿ ಕೂತ ಮೇಲೆ ಸಿಕ್ಕ ಕೆಲಸ. ಇನ್ನೂ ಕಾಯಂ ಆಗಿರಲಿಲ್ಲ. ತಿಂಗಳ ಕೊನೆಗೆ ಲ್ಯಾಬಿನ ಮೇಡಂ ತೀರ್ಮಾನ ಮಾಡುವವರಿದ್ದರು. ಶಟರಿನ ಬೀಗದ ಕೈ ನನ್ನ ಹತ್ತಿರ. ಬೆಳಕು ಹರಿಯುವ ಹೊತ್ತಿಗೆ ನಾನು ಶಟರು ಎತ್ತಲೇಬೇಕು, ಯಾಕೆಂದರೆ ಆ ಹೊತ್ತಿಗೆ ಬರುವವರೆಲ್ಲ ಖಾಲಿ ಹೊಟ್ಟೆಯಲ್ಲಿ ಬರುತ್ತಾರೆ. ಹಸಿದವರ ಸಾಲಿನ ಮುಂದೆ ತಡವಾಗಿ ಹೋಗಿ ಬೀಗ ತೆಗೆದು ನೋಡಿ, ಮನುಷ್ಯರ ಬಾಯಲ್ಲಿ ಏನೇನು ಮಾತಿರುತ್ತದೆ ಅಂತ ಆಗ ಗೊತ್ತಾಗುತ್ತದೆ. ಅಷ್ಟು ಬೇಗ ಬಸ್ಸಿಲ್ಲ, ಆಟೊದವರು ಎದ್ದಿರುವುದಿಲ್ಲ. ಇವರು ಬೈಕಿನಲ್ಲಿ ಬಿಟ್ಟು ಬರಬೇಕು, ಬೇರೆ ಗತಿಯಿಲ್ಲ.

ಮನೆಯಲ್ಲಿ ನಾವಿಬ್ಬರು ಬಿಟ್ಟರೆ ಅತ್ತೆ. ಒಂದು ಕೆಟ್ಟ ಜ್ವರ ಬಂದು ಹೋದ ಮೇಲೆ ಅವರ ಮೂಗು ವಾಸನೆ ಹಿಡಿಯುವುದನ್ನೇ ನಿಲ್ಲಿಸಿದೆ. ಒಂದು ದಿನ ಹಾಲು ಉಕ್ಕಿ ಒಲೆ ಆರಿಹೋಗಿ, ಗ್ಯಾಸು ಸುಮ್ಮನೆ ಸೋರುತ್ತಿತ್ತು. ಅತ್ತೆ ಪಕ್ಕದಲ್ಲೇ ಕೂತು ತರಕಾರಿ ಹೆಚ್ಚುತ್ತಿದ್ದರು. ಅಂದು ಇವರ ಅಕ್ಕ, ಭಾವ ಬಂದಿದ್ದರು. ಅವರ ಮುಂದೆಯೇ ಇವರು ತಾಯಿಯ ಮೇಲೆ ಎಗರಿ ಬಿದ್ದರು.

“ತಿರುಗೋದನ್ನೆಲ್ಲ ಮುಚ್ಚಬೇಕು ಅನ್ನೋಷ್ಟೂ ಗೊತ್ತಾಗಲ್ವಾ ನಿಂಗೆ? ಇನ್ಮೇಲೆ ಒಲೆ ಹತ್ರ ಬರಬೇಡ!”

ಅಕ್ಕ ಅದಕ್ಕೆ ಒಗ್ಗರಣೆ ಹಾಕಿದರು. “ನಿಮ್ಮ ಕೈಲಾಗಲ್ಲ ಅಂದ್ರೆ ನಮ್ಮನೆಗೆ ಕಳಿಸಿಬಿಡಿ.” ಅಕ್ಕನ ಮನೆ ಲಿಫ್ಟಿಲ್ಲದ ಕಟ್ಟಡದ ಮೇಲಂತಸ್ತಿನಲ್ಲಿದೆ. ಮಂಡಿ ನೋವಿನ ಅತ್ತೆ ಒಮ್ಮೆ ಹತ್ತಿದರೆ ಇಳಿಯುವ ಮಾತೇ ಇಲ್ಲ. “ಇನ್ನೊಂದ್ಸಲ ಹೀಗಾದ್ರೆ ಕಳಿಸೋದೇ” ಅಂದರು ಇವರು. ಅದು ಕೋಪದಲ್ಲಿ ಆಡಿದ ಮಾತು, ಮರುದಿನ ಅವರಿಗೇ ನೆನಪಿರಲಿಲ್ಲ. ಅತ್ತೆಗೆ ಮಾತ್ರ ನೆನಪಿತ್ತು.

ಅಂದಿನಿಂದ ಅತ್ತೆ ಒಲೆ ಮುಟ್ಟಿರಲಿಲ್ಲ. ಬದಲಿಗೆ ಊಟವಾದ ಮೇಲೆ ಟಾರ್ಚು ಹಿಡಿದು ಮನೆಯೆಲ್ಲ ಸುತ್ತುತ್ತಿದ್ದರು. ಸಿಲಿಂಡರು, ಬಚ್ಚಲಿನ ನಲ್ಲಿ, ಹಿತ್ತಲಿನ ನಲ್ಲಿ. ಮುಚ್ಚಿದ ನಲ್ಲಿಯನ್ನೂ ಇನ್ನೊಂದಿಷ್ಟು ಬಿಗಿದು ಬರುತ್ತಿದ್ದರು. ಹಾಗಾಗಿ ನಮ್ಮ ಮನೆಯ ವಾಷರುಗಳಿಗೆ ಆಯಸ್ಸು ಕಡಿಮೆ. ಇವರು ಅಂಗಡಿಯಿಂದ ಹೊಸ ವಾಷರು ತಂದು ಹಾಕುತ್ತ, “ಈಗಿನ ರಬ್ಬರೇ ಸರಿ ಇಲ್ಲ” ಎಂದು ಗೊಣಗುತ್ತಿದ್ದರು. ಕಾರಣ ಕಣ್ಣ ಮುಂದೆಯೇ ಟಾರ್ಚು ಹಿಡಿದು ಓಡಾಡುತ್ತಿದ್ದರೂ ಕಾಣದ ಜಾಣ ಇವರು.

ಬೀದಿಯಲ್ಲಿ ನಿಲ್ಲಿಸಿದ್ದ ಬೈಕಿನ ಕನ್ನಡಿಯನ್ನು ಯಾರೋ ಬಿಚ್ಚಿಕೊಂಡು ಹೋದರು. ಅದೇ ನೆಪವಾಗಿ ಇವರು ಬೈಕನ್ನೇ ಮನೆಯೊಳಗೆ ತಂದರು. ಬಾಗಿಲಿನಿಂದ ಅಡುಗೆಮನೆಗೆ ಹೋಗುವ ಪ್ಯಾಸೇಜಿನಲ್ಲಿ ಅದು ಮನೆ ಅಳಿಯನ ಹಾಗೆ ನಿಂತುಕೊಂಡಿತು. ಹಾದುಹೋಗಬೇಕೆಂದರೆ ನಾವು ಪಕ್ಕಕ್ಕೆ ತಿರುಗಿ, ಹೊಟ್ಟೆ ಒಳಗೆ ಎಳೆದುಕೊಂಡು, ಹ್ಯಾಂಡಲ್ಲಿಗೆ ಸೆರಗು ಸಿಕ್ಕಿಸಿಕೊಂಡು ಹೋಗಬೇಕು.

“ಮನೆಯೆಲ್ಲ ಪೆಟ್ರೋಲ್ ವಾಸನೆ ರೀ. ಎಲ್ಲಿಂದ ಸೋರ್ತಿದೆಯೋ ನೋಡಿ” ಅಂದೆ.

“ಒಂದೆರಡು ತೊಟ್ಟು ಅಷ್ಟೆ.”

“ಮನೆ ಹೊತ್ತಿಕೊಳ್ಳೋಕೆ ಅಷ್ಟು ಸಾಕು.”

ಅತ್ತೆಗೆ ವಾಸನೆ ಬರುತ್ತಿರಲಿಲ್ಲ, ಮಾತು ಚೆನ್ನಾಗಿ ಕೇಳಿಸುತ್ತಿತ್ತು. “ಹಂಗಾದ್ರೆ ಇದಕ್ಕೂ ಸಿಲಿಂಡರ್ ಥರ ಮುಚ್ಚೋದು ಅಂತ ಇರುತ್ತೇನೋ?” ಎಂದು ಮಗನನ್ನು ಕೇಳಿದರು.

ಶಿಷ್ಯರಿಲ್ಲದೆ ಕೊರಗುತ್ತಿದ್ದ ಪಂಡಿತರಿಗೆ ಇಷ್ಟು ಸಾಕಾಯಿತು. ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತು ಪಾಠ ಶುರು ಮಾಡಿದರು. “ಇದು ಟ್ಯಾಂಕು. ಇದು ಕಾರ್ಬೊರೇಟರು. ಇದರೊಳಗೆ ಒಂದು ಪುಟ್ಟ ಬಟ್ಟಲಿರುತ್ತೆ, ಇಂಜಿನ್ ಕುಡಿಯೋದು ಅದರಿಂದ. ನಡುವೆ ಇದೆಯಲ್ಲ, ಇದು ಪೆಟ್ರೋಲ್ ಕಾಕ್. ನಲ್ಲಿ ಅಂತಾನೇ ಇಟ್ಕೋ. ಇದರ ಹಿಡಿ ಮುರಿದು ಯಾವ ಕಾಲವೋ ಆಯ್ತು. ಬಿಚ್ಚುವಾಗ ಮಾತ್ರ ಪ್ಲೇಯರ್ ಹಾಕಿ ಹೀಗೆ ತಿರುಗಿಸ್ತೀನಿ. ಮಿಕ್ಕಂತೆ ಯಾವಾಗ್ಲೂ ತೆರೆದೇ ಇರುತ್ತೆ. ನನ್ನ ಟ್ಯಾಂಕು ಯಾವಾಗ್ಲೂ ಫುಲ್ಲು. ರಿಸರ್ವ್‌ಗೆ ಬರೋ ತನಕ ಬಿಡೋದು ಸೋಂಬೇರಿಗಳ ಲಕ್ಷಣ.”

ಅತ್ತೆ ಬಗ್ಗಿ, ಕಣ್ಣು ಕಿರಿದು ಮಾಡಿ ನೋಡಿದರು. ಪಾಠವನ್ನು ಅಷ್ಟು ಗಮನವಿಟ್ಟು ಕೇಳಿದವರನ್ನು ನಾನು ಬೇರೆ ಕಂಡಿಲ್ಲ. ಒಲೆಯ ಮೇಲಿಟ್ಟದ್ದು ತಳ ಹಿಡಿಯುವ ವಾಸನೆ ಬಂದು ನಾನು ಒಳಗೆ ಓಡಿದೆ.

ಮರುದಿನ ಬೆಳಿಗ್ಗೆ ಬೈಕು ಒಂದೇ ಕಿಕ್ಕಿಗೆ ಹೊತ್ತಿಕೊಂಡಿತು. ನಮ್ಮ ಬೀದಿ ದಾಟಿತು, ಶಾಲೆಯ ಗೋಡೆ ದಾಟಿತು, ದೊಡ್ಡ ರಸ್ತೆ ಸೇರುವ ಮೂಲೆಯಲ್ಲಿ ಹಾಲಿನಂಗಡಿಯ ಮುಂದೆ ಎರಡು ಸಲ ಕೆಮ್ಮಿ ನಿಂತುಬಿಟ್ಟಿತು. ಇವರು ಇಳಿದು, ಟ್ಯಾಂಕಿಗೆ ಕಿವಿಗೊಟ್ಟು ಬೈಕನ್ನು ಅಲ್ಲಾಡಿಸಿದರು. ಒಳಗೆ ಗುಳುಗುಳು ಸದ್ದಾಯಿತು.

“ಪೆಟ್ರೋಲ್ ತುಂಬಿದೆ. ಅಂದ್ಮೇಲೆ ಪೆಟ್ರೋಲಿನ ತೊಂದ್ರೆ ಅಲ್ಲವೇ ಅಲ್ಲ. ಇದು ಕರೆಂಟಿಂದು” ಅಂದರು.

ನಾನು ತರಕಾರಿ ಸಾಗಿಸುವ ಟೆಂಪೊ ಒಂದಕ್ಕೆ ಕೈ ಅಡ್ಡ ಹಾಕಿ, ಮೂಟೆಗಳ ಮಧ್ಯೆ ಕೂತು ಲ್ಯಾಬು ಸೇರಿದೆ. ಸಾಲು ಆಗಲೇ ಪಕ್ಕದ ಅಂಗಡಿಯ ಮೆಟ್ಟಿಲು ಮುಟ್ಟಿತ್ತು. “ನಮ್ಮ ರಕ್ತ ಹೀರೋಕೆ ಸೂಜಿ ಬೇರೆ ಬೇಕಾ ನಿಮಗೆ?” ಎಂದು ಮುದುಕರೊಬ್ಬರು ಕೇಳಿದರು. ತಪ್ಪು ನಮ್ಮದೇ. ತಲೆ ತಗ್ಗಿಸಿ ಶಟರು ಎತ್ತಿದೆ.

ಅಂದು ಸಂಜೆ ಪ್ಲಗ್ಗಿನ ಸರದಿ. ನೆಲಕ್ಕೆ ಹಳೆಯ ಪೇಪರು ಹಾಸಿ, ಪ್ಲಗ್ಗು ಬಿಚ್ಚಿ, ಬ್ರಷ್ಷಿನಲ್ಲಿ ತಿಕ್ಕಿ ತಿಕ್ಕಿ ತೊಳೆದರು. ಅದು ಹಳೆಯ ಬ್ರಷ್ಷೆಂದು ಅವರ ವಾದ. ಅಂದು ಬೆಳಿಗ್ಗೆ ನಾನು ಹಲ್ಲುಜ್ಜಿದ್ದು ಅದರಲ್ಲೇ. ಪ್ಲಗ್ಗು ಹಾಕಿ ಕಿಕ್ಕರು ತುಳಿದದ್ದೇ ತುಳಿದದ್ದು, ಪಾತ್ರೆ ಸ್ಟ್ಯಾಂಡು ಅಲ್ಲಾಡಿತೇ ಹೊರತು ಬೈಕು ಉಸಿರೆತ್ತಲಿಲ್ಲ. “ಈ ಪ್ಲಗ್ ಕಂಪನಿಯೇ ಸರಿ ಇಲ್ಲ” ಅಂದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಮರುದಿನ ನಾನು ಕತ್ತಲಿರುವಾಗಲೇ ಎದ್ದು, ಅಷ್ಟು ದೂರ ನಡೆದೇ ಹೋದೆ. ಶಟರೇನೋ ಹೊತ್ತಿಗೆ ಸರಿಯಾಗಿ ಎತ್ತಿದೆ. ಅಂಗಾಲಲ್ಲಿ ಬೊಬ್ಬೆ ಎದ್ದು, ದಿನವೆಲ್ಲ ಒಂದು ಕಾಲ ಮೇಲೆ ನಿಂತು ರಕ್ತ ತೆಗೆದೆ.

ಆ ಸಂಜೆ ಕಾರ್ಬೊರೇಟರು. ಅದನ್ನು ಬಿಚ್ಚುವ ಮೊದಲು ಪೆಟ್ರೋಲ್ ಕಾಕ್ ಮುಚ್ಚಬೇಕಂತೆ. ಇವರು ಪ್ಲೇಯರು ಹಿಡಿದು ಬಗ್ಗಿದವರು, “ಆಹಾ, ನಿನ್ನೆಯೇ ಮುಚ್ಚಿಟ್ಟಿದ್ದೀನಿ ನೋಡು. ಕೈಗೆ ತಾನಾಗೇ ಅಭ್ಯಾಸ ಆಗಿಬಿಟ್ಟಿದೆ” ಎಂದು ತಮ್ಮ ಬೆನ್ನನ್ನು ತಾವೇ ತಟ್ಟಿಕೊಂಡರು. ಕಾರ್ಬೊರೇಟರಿನ ಹೊಟ್ಟೆ ಬಗೆದು, ತೂತುಗಳಿಗೆಲ್ಲ ಊದಿ, ಬಾಯಿಗೆ ಪೆಟ್ರೋಲು ಹೋಗಿ ಉಗುಳಿ, ಮತ್ತೆ ಜೋಡಿಸಿ, ಕೊನೆಗೆ ಕಾಕ್ ತೆರೆದು ಕಿಕ್ ಹೊಡೆದರು. ಬೈಕು ಗುಡುಗಿತು. ಬೀದಿಯಲ್ಲಿ ಒಂದು ಸುತ್ತು ಹೊಡೆದು ಬಂದರು. ಪಕ್ಕದ ಮನೆಯ ಟೈಲರು ಕಿಟಕಿಯಿಂದ ಚಪ್ಪಾಳೆ ತಟ್ಟಿದ. ನನಗೂ ಖುಷಿಯಾಯಿತು, ಸುಳ್ಳು ಹೇಳುವುದಿಲ್ಲ.

ಬೆಳಿಗ್ಗೆ ಬೈಕು ಒಂದೇ ಕಿಕ್ಕಿಗೆ ಹೊತ್ತಿಕೊಂಡಿತು. ಬೀದಿ ದಾಟಿತು, ಶಾಲೆಯ ಗೋಡೆ ದಾಟಿತು, ಹಾಲಿನಂಗಡಿಯ ಮುಂದೆ ಎರಡು ಸಲ ಕೆಮ್ಮಿ ನಿಂತಿತು.

“ಬಂದ್ರಾ? ಬನ್ನಿ ಬನ್ನಿ” ಅಂದ ಹಾಲಿನಂಗಡಿಯವನು. “ಇಲ್ಲೊಂದು ಸ್ಟಾಪ್ ಮಾಡಿಕೊಟ್ಟುಬಿಡ್ತೀನಿ.”

ಲ್ಯಾಬಿನಲ್ಲಿ ಮೇಡಂ ತಾವೇ ಬಂದು ಕಾಯುತ್ತಿದ್ದರು. ಅವರು ಜೋರಾಗಿ ಬೈಯುವವರಲ್ಲ, ಬೈದಿದ್ದರೆ ಎಷ್ಟೋ ವಾಸಿಯಿತ್ತು. “ನಿಮ್ಮ ಕೈ ತುಂಬ ಹಗುರ. ಸೂಜಿ ಚುಚ್ಚಿದ್ದೇ ಗೊತ್ತಾಗಲ್ಲ ಅಂತಾರೆ ಜನ” ಅಂದರು. “ಆದರೆ ಹಸಿದವರನ್ನ ಬಾಗಿಲಲ್ಲಿ ನಿಲ್ಲಿಸಬಾರದು. ಇನ್ನೊಂದು ಸಲ ಹೀಗಾದ್ರೆ ಬೀಗದ ಕೈ ಬೇರೆಯವರಿಗೆ ಕೊಡಬೇಕಾಗುತ್ತೆ.” ಬೀಗದ ಕೈ ಹೋದರೆ ಕೆಲಸವೂ ಅದರ ಹಿಂದೆಯೇ ಹೋಗುತ್ತದೆ ಎಂದು ಬಿಡಿಸಿ ಹೇಳಬೇಕಾಗಿರಲಿಲ್ಲ.

ಮನೆಗೆ ಬಂದರೆ ಅಡುಗೆಮನೆಯ ಇಕ್ಕಳದ ತುದಿ ಕಪ್ಪಗೆ ಗ್ರೀಸು ಮೆತ್ತಿಕೊಂಡು, ಪೆಟ್ರೋಲು ನಾರುತ್ತಿತ್ತು. ಬಿಸಿ ಪಾತ್ರೆ ಇಳಿಸುವ ಇಕ್ಕಳ! ನನಗೆ ಸಿಟ್ಟು ನೆತ್ತಿಗೇರಿತು.

“ನಿಮ್ಮ ಡಬ್ಬಿ ತುಂಬ ಪಾನಾ ಇದೆಯಲ್ಲ, ನನ್ನ ಇಕ್ಕಳ ಯಾಕೆ ಮುಟ್ಟಿದ್ರಿ?”

“ನಾನ್ಯಾಕೆ ಮುಟ್ಟಲಿ?”

“ಹಂಗಾದ್ರೆ ಅದೇ ಎದ್ದು ಹೋಗಿ ಬೈಕು ರಿಪೇರಿ ಮಾಡಿ ಬಂತಾ?”

“ಏ, ಆಣೆ ಮಾಡಿ ಹೇಳ್ತೀನಿ ಮುಟ್ಟಿಲ್ಲ. ನಿಂಗೆ ಬೆಳಿಗ್ಗೆಯ ಕೋಪ, ಅದನ್ನ ಇಕ್ಕಳದ ಮೇಲೆ ತೀರಿಸ್ತಿದೀಯ.”

ಅತ್ತೆ ಮೂಲೆಯಲ್ಲಿ ಕೂತು ಸೊಪ್ಪು ಬಿಡಿಸುತ್ತಿದ್ದರು. ತಲೆ ಎತ್ತಲಿಲ್ಲ. ಗಂಡ ಹೆಂಡಿರ ಜಗಳದ ನಡುವೆ ಬರಬಾರದೆಂಬ ತಿಳಿವಳಿಕೆ ಅಂದುಕೊಂಡೆ.

ಆ ಸಂಜೆಯ ಹೊಸ ಸಿದ್ಧಾಂತ ಟ್ಯಾಂಕಿನ ಮುಚ್ಚಳದ್ದು. ಮುಚ್ಚಳದಲ್ಲಿ ಗಾಳಿ ಹೋಗಲು ಸೂಜಿಮೊನೆಯಷ್ಟು ತೂತಿರುತ್ತದಂತೆ. ಅದು ಕಟ್ಟಿಕೊಂಡರೆ ಪೆಟ್ರೋಲು ಇಳಿಯುವುದಿಲ್ಲವಂತೆ, ಬೈಕು ಸ್ವಲ್ಪ ದೂರ ಓಡಿ ನಿಲ್ಲುತ್ತದಂತೆ. “ಇದೇ! ಇದೇ ನೋಡು! ಎಲ್ಲಾ ಲಕ್ಷಣ ಕೂಡಿ ಬರುತ್ತೆ!” ಎಂದು ಫೋನನ್ನು ನನ್ನ ಮೂಗಿಗೆ ಹಿಡಿದರು. ನನ್ನ ಹೊಲಿಗೆ ಸೂಜಿಗಳು ಆ ತೂತಿಗೆ ಬಲಿಯಾದವು. ಟ್ಯಾಂಕನ್ನು ಕೆಳಗಿಳಿಸಿ ತೊಳೆಯಲೆಂದು ಹೋದಾಗ ಕಾಕ್ ಈ ಸಲವೂ ಮೊದಲೇ ಮುಚ್ಚಿತ್ತು, ಇವರು ಈ ಸಲವೂ ತಮ್ಮನ್ನೇ ಮೆಚ್ಚಿಕೊಂಡರು. ಎಲ್ಲ ಜೋಡಿಸಿ ಕಾಕ್ ತೆರೆದರೆ ಬೈಕು ಸಿಂಹದ ಹಾಗೆ ಗರ್ಜಿಸಿತು. ಮರುದಿನ ಲ್ಯಾಬಿಗೆ ವಾರದ ರಜೆ. ಇವರೊಬ್ಬರೇ ಅಂಗಡಿಗೆಂದು ಬೈಕೇರಿ ಹೊರಟು, ಬೇಗನೆ ಅದನ್ನು ತಳ್ಳಿಕೊಂಡು ವಾಪಸು ಬಂದರು.

“ಹಾಲಿನಂಗಡಿ?” ಅಂದೆ.

“ಹೂಂ.”

ಅವರ ಅಂಗಿ ಬೆವರಿಗೆ ಬೆನ್ನಿಗಂಟಿತ್ತು. ಅಯ್ಯೋ ಅನ್ನಿಸಿತು. ಅಯ್ಯೋ ಅನ್ನಿಸಿದ್ದಕ್ಕೆ ನನ್ನ ಮೇಲೇ ಸಿಟ್ಟೂ ಬಂತು.

“ರೀ, ದಮ್ಮಯ್ಯ, ಮೆಕ್ಯಾನಿಕ್‌ಗೆ ತೋರಿಸಿ. ನಾಳೆ ಕಾರ್ಖಾನೆಯವರು ಗುಂಪಾಗಿ ರಕ್ತ ಪರೀಕ್ಷೆಗೆ ಬರ್ತಿದಾರೆ, ಮಾಮೂಲಿಗಿಂತ ಬೇಗ ತೆರೀಬೇಕು. ನಡೆಯೋಣ ಅಂದ್ರೆ ಬೊಬ್ಬೆ ಒಡೆದು ಚಪ್ಪಲಿ ಹಾಕೋಕಾಗ್ತಿಲ್ಲ. ನಾಳೆ ತಡ ಆದ್ರೆ ನನ್ನ ಕೆಲಸ ಹೋಯ್ತು ಅಂತಾನೇ ಲೆಕ್ಕ.”

“ನಾಳೆ ನಿನ್ನ ಕರಕೊಂಡು ಹೋಗೋದು ನಾನು. ನನ್ನ ಮೇಲೆ ನಂಬಿಕೆ ಇಲ್ವಾ?”

ಇಂಥ ಪ್ರಶ್ನೆಗೆ ಹೆಂಡತಿಯಾದವಳು ನಿಜ ಹೇಳಿದರೂ ಕಷ್ಟ, ಸುಳ್ಳು ಹೇಳಿದರೂ ಕಷ್ಟ. ನಾನು ಬಟ್ಟೆ ಒಣಗಿಸಲು ಹೋದೆ.

ಅಂದು ಸಂಜೆ ಇಡೀ ಬೈಕು ಪೇಪರಿನ ಮೇಲೆ ಮಲಗಿತ್ತು. ಹಳೆಯ ಪೆಟ್ರೋಲನ್ನೆಲ್ಲ ಕ್ಯಾನಿಗೆ ಬಸಿದು ಸೋಸಿದರು. ಪೈಪು ಹೊಸದು, ಪ್ಲಗ್ಗು ಹೊಸದು, ಏರ್ ಫಿಲ್ಟರು ಹೊಸದು. ಊಟದ ಹೊತ್ತಿಗೆ ಎಲ್ಲ ಜೋಡಿಸಿ, ಹಾಲಿನಂಗಡಿ ದಾಟಿ ದೊಡ್ಡ ರಸ್ತೆಯಲ್ಲಿ ಬಹುದೂರ ಹೋಗಿ ಬಂದರು. “ಬೇಕಾದ್ರೆ ಬೇರೆ ಊರಿಗೇ ಓಡಿಸ್ಲಾ?” ಎಂದು ಕೈ ತೊಳೆದು, ಹೊಟ್ಟೆ ತುಂಬ ಉಂಡು, ಮಲಗಿ ಗೊರಕೆ ಹೊಡೆಯತೊಡಗಿದರು.

ನಾನು ಕುಡಿಯುವ ನೀರು ತರಲು ಎದ್ದೆ. ಪ್ಯಾಸೇಜಿನಲ್ಲಿ ಟಾರ್ಚಿನ ಬೆಳಕಿತ್ತು. ಅತ್ತೆ ಒಂದು ಕೈಯಿಂದ ಸೀಟು ಹಿಡಿದು, ಮಂಡಿ ನೋವಿಗೆ ಹಲ್ಲು ಕಚ್ಚಿಕೊಂಡು, ಮೆಲ್ಲನೆ ನೆಲಕ್ಕೆ ಕೂತರು. ಸೊಂಟಕ್ಕೆ ಸಿಕ್ಕಿಸಿದ್ದ ನನ್ನ ಇಕ್ಕಳವನ್ನು ತೆಗೆದರು. ಟ್ಯಾಂಕಿನ ಕೆಳಗೆ ಕೈ ಹಾಕಿ, ಮುರಿದ ಹಿಡಿಯ ಮೊಂಡನ್ನು ಇಕ್ಕಳದಲ್ಲಿ ಹಿಡಿದು ತಿರುಗಿಸಿದರು. ಆಮೇಲೆ ಇನ್ನೊಂದಿಷ್ಟು ಬಿಗಿದರು.

ನಾನು ಚೊಂಬು ಹಿಡಿದು ನಿಂತೇ ಇದ್ದೆ. ಬೇಡ ಬೇಡವೆಂದರೂ ಇಷ್ಟು ದಿನ ನನ್ನ ಕಿವಿಗೆ ತುರುಕಿದ್ದ ಪಾಠವೆಲ್ಲ ಒಟ್ಟಿಗೆ ನೆನಪಿಗೆ ಬಂತು. ರಾತ್ರಿ ಕಾಕ್ ಮುಚ್ಚಿದರೂ ಕಾರ್ಬೊರೇಟರಿನ ಬಟ್ಟಲಲ್ಲಿ ಒಂದಿಷ್ಟು ಪೆಟ್ರೋಲು ಉಳಿದಿರುತ್ತದೆ. ಬೆಳಿಗ್ಗೆ ಬೈಕು ಅದನ್ನು ಕುಡಿದು ಓಡುತ್ತದೆ, ಹಾಲಿನಂಗಡಿಯ ಮುಂದೆ ಬಟ್ಟಲು ಬರಿದಾಗುತ್ತದೆ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗೆ, ನಲ್ಲಿ ಮಾರುವ ಮನುಷ್ಯ ನಲ್ಲಿಯೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಬಿಚ್ಚಿ ನೋಡಿದ್ದರು.

ನನ್ನ ಕೆಲಸ, ನನ್ನ ಬೊಬ್ಬೆ, ಮುದುಕರ ಬೈಗುಳ, ಮೇಡಂ ಮುಂದೆ ತಗ್ಗಿಸಿದ ತಲೆ, ಎಲ್ಲ ಸೇರಿ ಬಾಯಿಗೆ ಬಂತು.

“ಅತ್ತೆ!”

ಅವರು ಬೆಚ್ಚಿಬಿದ್ದು ಇಕ್ಕಳವನ್ನು ಸೆರಗಿನಡಿ ಮುಚ್ಚಿಕೊಂಡರು. ಕೋಣೆಯ ಕಡೆ ನೋಡಿದರು. ಗೊರಕೆ ಕೇಳಿಸಿದ ಮೇಲೆ ನನ್ನ ಕಡೆ ತಿರುಗಿದರು.

“ಮುಚ್ಚಿದ್ದೀನಿ ತಾಯಿ. ಒಂದಿನವೂ ಮರೆತಿಲ್ಲ” ಅಂದರು, ಪಿಸುದನಿಯಲ್ಲಿ. “ನಂಗೆ ವಾಸನೆ ಗೊತ್ತಾಗಲ್ಲ. ಸೋರಿದ್ರೂ ಗೊತ್ತಾಗಲ್ಲ. ಅದಕ್ಕೇ ಬೈಕು ಒಳಗೆ ಬಂದಾಗಿಂದ ಮುಚ್ಚಿಬಿಡ್ತೀನಿ. ಇಕ್ಕಳ ಗಲೀಜಾಯ್ತು, ಹೇಳೋಣ ಅಂದ್ಕೊಂಡೆ, ಧೈರ್ಯ ಬರಲಿಲ್ಲ. ಅವನಿಗೆ ಹೇಳಬೇಡ. ಆ ಮೆಟ್ಟಿಲು ನನ್ನ ಕೈಲಿ ಹತ್ತೋಕಾಗಲ್ಲ.”

ಅವರಿಗೆ ಬೈಕು ಯಾಕೆ ನಿಲ್ಲುತ್ತಿದೆ ಎಂಬುದು ಗೊತ್ತೇ ಇರಲಿಲ್ಲ. ಅದು ತಮ್ಮಿಂದ ಎಂದು ಕನಸಿನಲ್ಲೂ ಅಂದುಕೊಂಡಿರಲಿಲ್ಲ. ಅವರು ಹೆದರಿದ್ದು ಇಕ್ಕಳ ಹಾಳು ಮಾಡಿದ್ದಕ್ಕೆ. ನನಗೆ ಸಿಟ್ಟು ಇಳಿದಿರಲಿಲ್ಲ, ಆದರೆ ಅದನ್ನು ಯಾರ ಮೇಲೆ ಹಾಕಬೇಕೆಂದು ತಿಳಿಯಲಿಲ್ಲ. ಒಳಗೆ ಗೊರಕೆ ಹೊಡೆಯುತ್ತಿದ್ದವರನ್ನು ಎಬ್ಬಿಸಿ ಹೇಳಿದರೆ ಏನಾಗುತ್ತದೆಂದು ಗೊತ್ತಿತ್ತು. ಮೊದಲು ಅರಚಾಟ, ಆಮೇಲೆ ಅಕ್ಕನಿಗೆ ಫೋನು.

ಚೊಂಬು ಕೆಳಗಿಟ್ಟು ಅವರ ಪಕ್ಕ ಕೂತೆ.

“ಮುಚ್ಚಿದ್ದು ಒಳ್ಳೇದೇ ಆಯ್ತು ಅತ್ತೆ. ಆದ್ರೆ ಸಿಲಿಂಡರ್ ರಾತ್ರಿ ಮುಚ್ಚಿದ್ರೆ ಬೆಳಿಗ್ಗೆ ಒಲೆ ಹಚ್ಚೋಕೆ ತೆರೀತೀವಲ್ವಾ? ಇದನ್ನೂ ಹಂಗೇ ತೆರೀಬೇಕು. ಇಲ್ಲದಿದ್ರೆ ಬೈಕು ಹಾಲಿನಂಗಡಿ ಹತ್ರ ನಿಂತುಬಿಡುತ್ತೆ.”

ಅತ್ತೆಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದದ್ದು ಮುಖದಲ್ಲಿ ಕಂಡಿತು, ಆ ಮುಖ ನೋಡುವ ಹಾಗಿರಲಿಲ್ಲ. “ಅಯ್ಯೋ... ನಿನ್ನ ಕೆಲಸ...” ಎಂದು ಬಾಯಿಗೆ ಕೈ ಅಡ್ಡ ಹಿಡಿದರು. “ನೀನೇ ತೆರೆದಿಡು ತಾಯಿ. ಇನ್ನು ನಾನು ಅದರ ತಂಟೆಗೆ ಬರಲ್ಲ. ಯಾವುದರ ತಂಟೆಗೂ ಬರಲ್ಲ.”

ಅದೇ ಸುಲಭದ ದಾರಿಯಾಗಿತ್ತು. ಕೈ ಚಾಚಿ ತಿರುಗಿಸಿದ್ದರೆ ಮುಗಿಯುತ್ತಿತ್ತು. ಆದರೆ ‘ಯಾವುದರ ತಂಟೆಗೂ’ ಅಂದದ್ದು ಕಿವಿಯಲ್ಲೇ ಉಳಿಯಿತು. ಒಲೆ ಆಗಲೇ ಹೋಗಿತ್ತು. ಈಗ ಟಾರ್ಚೂ ಹೋದರೆ ಈ ಹೆಂಗಸಿಗೆ ಈ ಮನೆಯಲ್ಲಿ ಉಳಿಯುವುದಾದರೂ ಏನು?

“ಇಲ್ಲ ಅತ್ತೆ. ನೀವೇ ಮುಚ್ಚಿದ್ದು, ನೀವೇ ತೆರೀರಿ. ಬೆಳಿಗ್ಗೆ ನಾವು ಹೊರಡೋಕೆ ಮುಂಚೆ. ರಾತ್ರಿ ಮುಚ್ಚೋದು, ಬೆಳಿಗ್ಗೆ ತೆರೆಯೋದು, ಎರಡೂ ನಿಮ್ಮ ಕೆಲಸ.”

“ಮರೆತುಬಿಟ್ರೆ?”

“ಮುಚ್ಚೋದನ್ನ ಮರೆತಿದ್ದೀರಾ?”

ಹೇಳಿದ್ದೇನೋ ಹೇಳಿಬಿಟ್ಟೆ. ಹಾಸಿಗೆಗೆ ಬಂದ ಮೇಲೆ ಶುರುವಾಯಿತು ಒದ್ದಾಟ. ನಿನಗೆಲ್ಲೋ ಬುದ್ಧಿ ಕೆಟ್ಟಿದೆ, ಎದ್ದು ಹೋಗಿ ತೆರೆದು ಬಾ, ಕೆಲಸ ಹೋದರೆ ಯಾರು ಕೊಡುತ್ತಾರೆ ಎಂದು ನನ್ನನ್ನು ನಾನೇ ಬೈದುಕೊಂಡೆ. ಪಕ್ಕದ ಗೊರಕೆ ಕೇಳಿ ಹೊಟ್ಟೆ ಉರಿಯಿತು. ಆದರೆ ಏಳಲಿಲ್ಲ.

ಬೆಳಿಗ್ಗೆ ಎದ್ದು ಪ್ಯಾಸೇಜಿಗೆ ಬಂದರೆ ಅತ್ತೆ ಬೈಕಿನ ಪಕ್ಕ ಸ್ಟೂಲು ಹಾಕಿಕೊಂಡು ಕೂತಿದ್ದರು. ತಲೆ ಬಾಚಿ, ಒಗೆದ ಸೀರೆ ಉಟ್ಟು, ತೊಡೆಯ ಮೇಲೆ ಇಕ್ಕಳ ಇಟ್ಟುಕೊಂಡಿದ್ದರು. ಇಕ್ಕಳ ತೊಳೆದು ಬೆಳ್ಳಗಾಗಿತ್ತು. ನಿದ್ದೆ ಮಾಡಿದ್ದರೋ ಇಲ್ಲವೋ ನಾನು ಕೇಳಲಿಲ್ಲ.

“ತೆರೆದಿದ್ದೀನಿ. ಬೇಕಾದ್ರೆ ನೋಡು” ಅಂದರು.

ನೋಡಬೇಕೆಂದು ಮನಸ್ಸು ತುಡಿಯುತ್ತಿತ್ತು. ಬಗ್ಗಿದರೆ ಸಾಕಿತ್ತು.

“ಬೇಡ ಅತ್ತೆ. ನೀವು ತೆರೆದಿದ್ದೀರಿ ಅಂದ್ರೆ ಆಯ್ತು” ಅಂದೆ.

ಬೈಕು ಒಂದೇ ಕಿಕ್ಕಿಗೆ ಹೊತ್ತಿಕೊಂಡಿತು. ಅದಕ್ಕೆ ಯಾರೂ ಖುಷಿಪಡಲಿಲ್ಲ, ಅದು ದಿನವೂ ಅಷ್ಟು ಮಾಡುತ್ತಿತ್ತು. ಬೀದಿ ದಾಟಿತು. ಶಾಲೆಯ ಗೋಡೆ ಬಂತು, ನಾನು ಇವರ ಅಂಗಿಯನ್ನು ಬೆನ್ನಹಿಂದೆ ಮುಷ್ಟಿಯಲ್ಲಿ ಹಿಡಿದೆ. ಹಾಲಿನಂಗಡಿಯವನು ನಮ್ಮನ್ನು ಕಂಡು ಕೈಕಟ್ಟಿ ಹೊರಗೆ ಬಂದು ನಿಂತ. ಬೈಕು ಅವನ ಮುಂದೆ ಸಾಗಿ, ಮೂಲೆ ತಿರುಗಿ, ದೊಡ್ಡ ರಸ್ತೆಗೆ ಬಿತ್ತು. ಬೆಳಿಗ್ಗೆಯ ಗಾಳಿ ಮುಖಕ್ಕೆ ಬಡಿದು ನನ್ನ ಕಣ್ಣಲ್ಲಿ ನೀರು ಬಂತು. ಗಾಳಿಗೇ ಬಂದದ್ದು ಅಂತಲೇ ಇರಲಿ.

“ನೋಡಿದ್ಯಾ!” ಎಂದು ಇವರು ಮುಂದಿನಿಂದ ಕಿರುಚಿದರು. “ನೋಡಿದ್ಯಾ ಕೈಚಳಕ!”

“ನೋಡಿದೆ ರೀ, ನೋಡಿದೆ” ಅಂದೆ. ಶಟರು ಎತ್ತಿದಾಗ ಸಾಲು ಇನ್ನೂ ಶುರುವಾಗಿರಲಿಲ್ಲ.

ಆಮೇಲೆ ಬೈಕು ಒಂದು ದಿನವೂ ನಿಲ್ಲಲಿಲ್ಲ. ಅತ್ತೆ ರಾತ್ರಿ ಮುಚ್ಚಿದರು, ಬೆಳಿಗ್ಗೆ ತೆರೆದರು. ನಾನು ಹೊಸ ಇಕ್ಕಳ ತಂದುಕೊಂಡು ಹಳೆಯದನ್ನು ಅವರಿಗೇ ಬಿಟ್ಟುಕೊಟ್ಟೆ. ತಿಂಗಳ ಕೊನೆಗೆ ಮೇಡಂ ನನ್ನನ್ನು ಕಾಯಂ ಮಾಡಿಕೊಂಡರು. ಬೀಗದ ಕೈಯ ಇನ್ನೊಂದು ಜೊತೆಯನ್ನೂ ನನ್ನ ಕೈಗೇ ಕೊಟ್ಟರು.

ಅಂದು ಸಂಜೆ ಮನೆಗೆ ಬಂದರೆ ನಮ್ಮನೆಯವರು ಬಾಗಿಲ ಮೆಟ್ಟಿಲ ಮೇಲೆ ಕೂತು ಟೈಲರಿಗೆ ಪಾಠ ಮಾಡುತ್ತಿದ್ದರು. ದೋಷ ಕೂದಲೆಳೆಯಷ್ಟಿತ್ತಂತೆ, ಕಾರ್ಬೊರೇಟರಿನ ಜೆಟ್ಟೆಂಬ ಸಣ್ಣ ತೂತಿನೊಳಗಿತ್ತಂತೆ, ಸಾವಿರ ಮೆಕ್ಯಾನಿಕ್‌ಗಳು ಬಂದರೂ ಹಿಡಿಯಲು ಆಗುತ್ತಿರಲಿಲ್ಲವಂತೆ. ಟೈಲರು ತನ್ನ ಬೈಕನ್ನೂ ತಂದು ನಿಲ್ಲಿಸಿಕೊಂಡಿದ್ದ. ಪಾಪ, ಅದು ಚೆನ್ನಾಗಿಯೇ ಓಡುತ್ತಿತ್ತು.

ಒಳಗೆ ಹೋದೆ. ಅತ್ತೆ ಎಂದಿನಂತೆ ಒಲೆಯಿಂದ ಮಾರು ದೂರದಲ್ಲಿ ಕೂತು ತರಕಾರಿ ಹೆಚ್ಚುತ್ತಿದ್ದರು. ಲೈಟರನ್ನು ಅವರ ಕೈಯಲ್ಲಿಟ್ಟೆ.

“ಕೆಲಸ ಕಾಯಂ ಆಯ್ತು ಅತ್ತೆ. ನೀವೇ ಒಂದು ಚಹಾ ಮಾಡಿ ಕೊಡಿ. ವಾಸನೆ ನೋಡೋಕೆ ನಾನು ಪಕ್ಕದಲ್ಲೇ ಇರ್ತೀನಿ.”

ಅವರು ಲೈಟರನ್ನೂ ನನ್ನನ್ನೂ ನೋಡಿದರು. ಎದ್ದರು. ಒಲೆಯ ತಿರುಪಿನ ಮೇಲೆ ಕೈ ಇಟ್ಟರೂ ತಿರುಗಿಸದೆ ನಿಂತಿದ್ದರು. ಅಷ್ಟರಲ್ಲಿ ಹೊರಗಿನಿಂದ ಇವರಿಗೆ ಅದು ಹೇಗೋ ಕಂಡಿತು.

“ಏ! ಅಮ್ಮ ಯಾಕೆ ಒಲೆ ಹತ್ರ? ಏನೂಂತ ಹೇಳಿದ್ದೆ ನಾನು?”

ಅತ್ತೆಯ ಕೈ ಹಿಂದೆ ಸರಿಯಿತು. ನಾನು ಆ ಕೈಯನ್ನು ಹಿಡಿದು ಮತ್ತೆ ತಿರುಪಿನ ಮೇಲಿಟ್ಟೆ. ಆಮೇಲೆ ಇಡೀ ಬೀದಿಗೆ ಕೇಳುವ ಹಾಗೆ ಹೇಳಿದೆ.

“ರೀ, ನಿಮ್ಮ ಬೈಕು ನೀವು ನೋಡ್ಕೊಳ್ಳಿ. ಈ ಮನೇಲಿ ತಿರುಗೋದನ್ನೆಲ್ಲ ಅತ್ತೆ ನೋಡ್ಕೋತಾರೆ.”

ಇವರಿಗೆ ಏನೂ ಅರ್ಥವಾಗಲಿಲ್ಲ. ಟೈಲರನ ಬೈಕಿನ ಕಡೆ ತಿರುಗಿಕೊಂಡರು. ಅತ್ತೆ ಒಲೆ ಹಚ್ಚಿ ಚಹಾ ಮಾಡಿದರು. ಸಕ್ಕರೆ ಕೊಂಚ ಹೆಚ್ಚಾಗಿತ್ತು. ಲೋಟಗಳಿಗೆ ಬಗ್ಗಿಸುವ ಮೊದಲೇ ಒಲೆ ಮುಚ್ಚಿ, ಇನ್ನೊಂದಿಷ್ಟು ಬಿಗಿದರು.